ತಿಂಡಿ ಬಿಡುವವರ ಗಮನಕ್ಕೆ

ಬೆಳಗಿನ ನಡಿಗೆಯ ಬಳಗದ ಎಲ್ಲರಿಗೂ ನಮಸ್ಕಾರ. ತಿಂಡಿ ಬಿಟ್ಟರೆ ತೂಕ ಇಳಿಯುತ್ತದೋ ಏರುತ್ತದೋ ಎಂದು ನಿನ್ನೆ ರಾತ್ರಿ ಹನ್ನೊಂದರವರೆಗೂ ಇಲ್ಲಿ ವಾದ ನಡೆಯಿತು. ನನಗೆ ತಿಳಿದಷ್ಟು ಹೇಳುತ್ತೇನೆ.

2019ರಲ್ಲಿ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು 13 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದರು. ತಿಂಡಿ ತಿಂದವರು ದಿನಕ್ಕೆ ಸುಮಾರು 260 ಕ್ಯಾಲೊರಿ ಹೆಚ್ಚೇ ತಿಂದಿದ್ದರು. ಬಿಟ್ಟವರ ತೂಕ ಸ್ವಲ್ಪ ಕಡಿಮೆಯಿತ್ತು, ಆದರೆ ಅರ್ಧ ಕಿಲೋ ಕೂಡ ಅಲ್ಲ. ಅದೂ ಕೆಲವೇ ವಾರಗಳ ಲೆಕ್ಕ. ಹಾಗಾಗಿ ‘ತಿಂಡಿ ತಿಂದರೇ ತೂಕ ಇಳಿಯುವುದು’ ಎಂದು ಬರೆದು ಈ ಬಳಗದಲ್ಲಿ ಹಂಚಿದ್ದ ಆ ಹಳದಿ ಚಿತ್ರವನ್ನು ದಯವಿಟ್ಟು ಮತ್ತೆ ಹಂಚಬೇಡಿ.

ನನ್ನ ದಾರಿಯನ್ನೂ ಹಿಡಿಯಬೇಡಿ. ಒಂದು ತಿಂಗಳು ತಿಂಡಿ ಬಿಟ್ಟೆ. ಹನ್ನೊಂದಾಗುತ್ತಲೇ ಕ್ಯಾಂಟೀನಿನಲ್ಲಿ ಎರಡು ಉದ್ದಿನ ವಡೆ, ಸಾಂಬಾರಿನಲ್ಲಿ ಮುಳುಗಿಸಿ. ಬೆಲ್ಟು ಒಂದು ತೂತೂ ಕದಲಲಿಲ್ಲ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ತಿಂಡಿ ಬಿಡಲೇಬಾರದು. ರಕ್ತದ ಸಕ್ಕರೆ ಕುಸಿದರೆ ಬೆವರು, ಕೈನಡುಕ, ಕೆಲವೊಮ್ಮೆ ಎಚ್ಚರವೇ ತಪ್ಪುತ್ತದೆ.

ಭಾನುವಾರದ ನಡಿಗೆಯ ನಂತರ ಇಡ್ಲಿ ಎಂದಿನಂತೆ ಇದೆ. ಬೇಡದವರು ಶನಿವಾರ ಸಂಜೆಯೊಳಗೆ ತಿಳಿಸಿ, ಅಷ್ಟು ತಟ್ಟೆ ಕಡಿಮೆ ಹೇಳುತ್ತೇನೆ.