ಹುರುಳಿ ಬಿತ್ತಬೇಡ ಮಾರಾಯ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ನೋಡಿದೆ. ಮಂಡಗದ್ದೆ ಹತ್ತಿರದ ನಿನ್ನ ಜಾಗದಲ್ಲಿ, ಕಾಡಿನ ಅಂಚಿಗೆ ಹತ್ತು ಗುಂಟೆ ಬಿಡಿಸಿ, ಹುರುಳಿ ಅಲಸಂದೆ ಬಿತ್ತಿ ಜಿಂಕೆ ಕರೆಸುತ್ತೇನೆ ಅಂತ ಬರೆದಿದ್ದೀಯ. ಬಿತ್ತನೆಗೆ ಐದು ಕೇಜಿ ಹುರುಳಿಯನ್ನೂ ತಂದಿಟ್ಟಿದ್ದೀಯಂತೆ. ಓದಿ ಒಬ್ಬನೇ ನಕ್ಕೆ. ನಮ್ಮಜ್ಜ ಇದ್ದಿದ್ದರೆ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಇನ್ನೊಂದು ಸಲ ಓದಿಸುತ್ತಿದ್ದರು. ಅವರು ಗದ್ದೆ ಮಾಳದಲ್ಲಿ ಕೂತು ರಾತ್ರಿಯಿಡೀ ಡಬ್ಬ ಬಡಿದು ಓಡಿಸಿದ ಪ್ರಾಣಿಗಳಿಗೆ ಮೊಮ್ಮಗನ ಗೆಳೆಯ ಎಲೆ ಹಾಕಿ ಬಡಿಸುತ್ತಿದ್ದಾನಲ್ಲ!

ನಗಬಾರದಿತ್ತು. ಮೂರು ವರ್ಷದ ಹಿಂದೆ ನಾನೂ ಅದನ್ನೇ ಮಾಡಿದ್ದೆ, ನಿನಗೆ ಹೇಳಿರಲಿಲ್ಲ ಅಷ್ಟೆ.

ನೀನು ಕಳಿಸಿದ ಅಮೆರಿಕದ ವಿಡಿಯೋ ನೋಡಿದೆ. ಕ್ಲೋವರು, ಟರ್ನಿಪ್ಪು ಬಿತ್ತುತ್ತಾರೆ, ಮಣ್ಣಿಗೆ ಸುಣ್ಣ ಹಾಕುತ್ತಾರೆ, ಎಲ್ಲ ಚಂದವೇ. ಆದರೆ ಅಲ್ಲಿ ಬೇಟೆಗೆ ಲೈಸೆನ್ಸ್ ಇದೆ. ಆ ಹೊಲಗಳಲ್ಲಿ ಬಹುಪಾಲು ಜಿಂಕೆಯನ್ನು ಕೋವಿಯ ಎದುರಿಗೆ ತರಿಸಿಕೊಳ್ಳಲಿಕ್ಕೆ ಮಾಡಿದ್ದು. ಟರ್ನಿಪ್ ಸೊಪ್ಪು ಹಿಮ ಬಿದ್ದ ಮೇಲೆ ಸಿಹಿಯಾಗುತ್ತದಂತೆ. ನಮ್ಮಲ್ಲಿ ಬೀಳುವುದು ಮಳೆ, ಅದೂ ನಾಲ್ಕು ತಿಂಗಳು. ಆಗ ಕಾಡಿನಲ್ಲಿ ಹಸುರಿಗೆ ಬರ ಇಲ್ಲ, ನಿನ್ನ ಹೊಲಕ್ಕೆ ಯಾರೂ ಕಾಯುತ್ತಾ ಕೂತಿಲ್ಲ. ಪ್ರಾಣಿಗಳಿಗೆ ನಿಜವಾದ ಕಷ್ಟ ಫೆಬ್ರವರಿಯಿಂದ ಮೇ ತನಕ. ಹಿಂಗಾರಿನ ಹುರುಳಿ ಅಷ್ಟು ಹೊತ್ತಿಗೆ ಒಣಗಿ ಕೊಯ್ಲಾಗಿರುತ್ತದೆ.

ಅವರಿಂದ ಕಲಿಯುವಂಥದ್ದು ಒಂದಿದೆ. ಅವರು ಹೊಲವನ್ನು ಚೌಕಾಕಾರ ಮಾಡುವುದಿಲ್ಲ. ಕಾಡಿನ ಅಂಚಿಗೆ ಉದ್ದಕ್ಕೆ, ಸೊಟ್ಟಸೊಟ್ಟಗೆ ಬಿಡುತ್ತಾರೆ. ಜಿಂಕೆಗೆ ನಾಲ್ಕು ಹೆಜ್ಜೆಗೆ ಪೊದೆ ಸಿಗಬೇಕು, ಇಲ್ಲದಿದ್ದರೆ ಹಗಲು ಹೊತ್ತು ಬಯಲಿಗೆ ಕಾಲಿಡುವುದಿಲ್ಲ. ನಮ್ಮ ಕಾಡುಕುರಿಯಂತೂ, ಅದೂ ಒಂದು ಸಣ್ಣ ಜಾತಿಯ ಜಿಂಕೆಯೇ, ಇನ್ನೂ ಪುಕ್ಕಲು.

ನನ್ನ ಕಥೆ ಕೇಳು. ಮೇಲಿನ ಬ್ಯಾಣದಲ್ಲಿ, ಅದೇ ಹುಲ್ಲುಗಾವಲಲ್ಲಿ, ಅಕೇಶಿಯಾ ಕಡಿಸಿದ್ದೆನಲ್ಲ, ಅಲ್ಲೇ ಐದು ಗುಂಟೆಗೆ ಸೆಪ್ಟೆಂಬರ್ ಕೊನೆಯಲ್ಲಿ ಹುರುಳಿ ಚೆಲ್ಲಿದೆ. ಗೇಣುದ್ದ ಬಂದ ಕೂಡಲೇ ತುದಿಗಳು ಮಾಯವಾಗತೊಡಗಿದವು. ನನಗೆ ಹಬ್ಬ! ದಿನಾ ಬೆಳಿಗ್ಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದೆ. ಕೆಲವು ಕುಡಿ ಬ್ಲೇಡಿನಲ್ಲಿ ಓರೆಯಾಗಿ ಕುಯ್ದ ಹಾಗಿತ್ತು, ಅದು ಮೊಲ. ಕೆಲವು ಹರಿದ ಬಟ್ಟೆಯ ಅಂಚಿನ ಹಾಗೆ ನಾರುನಾರಾಗಿತ್ತು, ಅದು ಜಿಂಕೆ. ಅದಕ್ಕೆ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲೇ ಇಲ್ಲ, ಕಚ್ಚಿ ಎಳೆದು ಹರಿಯಬೇಕು. ಇಷ್ಟು ಓದಲು ಕಲಿತಿದ್ದೇ ಆ ಐದು ಗುಂಟೆಯಿಂದ ನನಗಾದ ಲಾಭ.

ಹದಿನೈದು ದಿನವೂ ಆಗಿರಲಿಲ್ಲ, ಹಂದಿ ಬಂತು. ಒಂದೇ ರಾತ್ರಿಗೆ ಟಿಲ್ಲರ್ ಹೊಡೆದ ಹಾಗೆ ಉತ್ತು ಹಾಕಿತ್ತು. ಅಷ್ಟಕ್ಕೇ ಹೊಟ್ಟೆ ತುಂಬುತ್ತದಾ? ಕೆಳಗೆ ಪಕ್ಕದವರ ಗದ್ದೆ, ಭತ್ತ ಹಾಲುಗಾಳು. ಮಾರನೇ ದಿನ ಅವರು ಬೇಲಿಯ ದಣಪೆ ಹತ್ತಿರ ನಿಂತು ಹೇಳಿದ್ದು ಇಷ್ಟೇ: "ನೀವು ಊಟಕ್ಕೆ ಕರೆದ ನೆಂಟರು ರಾತ್ರಿ ನಮ್ಮನೇಲಿ ಮಲಗಿ ಹೋದರು ಕಣ್ರೀ." ಬೈದಿದ್ದರೆ ಪರವಾಗಿರಲಿಲ್ಲ. ಎರಡು ಚೀಲ ಭತ್ತ ಕೊಡಲು ಹೋದೆ, ತಗೊಳ್ಳಲಿಲ್ಲ.

ಅದೇ ವಾರ ಬೇಲಿಯ ಕಿಂಡಿಯಲ್ಲಿ ಬೈಕಿನ ಕ್ಲಚ್ ವೈರಿನ ಉರುಳು ಕಂಡೆ. ಯಾರು ಕಟ್ಟಿದ್ದೋ. ವೈರಿಗೆ ಕಂದು ಕೂದಲು ಅಂಟಿತ್ತು, ಪ್ರಾಣಿ ಇರಲಿಲ್ಲ. ಬಿಡಿಸಿಕೊಂಡು ಹೋಯಿತೋ, ಬಿಡಿಸಿಕೊಂಡು ಹೋದರೋ. 1972ರ ವನ್ಯಜೀವಿ ಕಾಯ್ದೆಯಲ್ಲಿ ಆಮಿಷ ಒಡ್ಡುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ. ನೀನು ಕೋವಿ ಮುಟ್ಟುವವನಲ್ಲ, ನನಗೆ ಗೊತ್ತು. ಆದರೆ ನೀನು ಬಿತ್ತಿದ್ದೇ ಇನ್ನೊಬ್ಬನ ಆಮಿಷ ಆಗುತ್ತದೆ. ದಿನಾ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಬರುವ ಪ್ರಾಣಿಯನ್ನು ಹಿಡಿಯುವುದು ಎಷ್ಟು ಹೊತ್ತಿನ ಕೆಲಸ? ಉಪ್ಪಿನ ಗಡ್ಡೆ ಇಡುತ್ತೇನೆ ಅಂದಿದ್ದೀಯಲ್ಲ, ಅದಕ್ಕೂ ಇದೇ ಮಾತು.

ಇನ್ನು ಉಣುಗು. ಬೆಂಗಳೂರಿನಲ್ಲಿ ಹದಿನೆಂಟು ವರ್ಷ ಇದ್ದು ಮರೆತಿದ್ದೀಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಬೆಳಕಿಗೆ ಬಂದ, ಉಣುಗು ಹರಡುವ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆ ಹತ್ತಿರ ಬಂದರೆ ನಮ್ಮನ್ನು ಹೆದರಿಸುತ್ತದೆ. ಬಲಿತ ಉಣುಗಿಗೆ ದನ, ಜಿಂಕೆ, ಕಡವೆಯಂಥ ದೊಡ್ಡ ಮೈ ಬೇಕು. ರಕ್ತ ಹೀರಿ ಉಬ್ಬಿ ನೆಲಕ್ಕುದುರಿ ಮೊಟ್ಟೆ ಇಡುತ್ತದೆ. ಹೋಂಸ್ಟೇ ಜಗಲಿಯಿಂದ ಕಾಣುವ ಹಾಗೆ ಜಿಂಕೆ ಮೇಯಬೇಕು ಅಂತ ನಿನ್ನಾಸೆ. ಜಗಲಿಯಿಂದ ಕಾಣುವಷ್ಟು ಹತ್ತಿರ ಅಂದರೆ ಉಣುಗಿಗೂ ನಿನ್ನ ಅಂಗಳ ಹತ್ತಿರವೇ.

ಹಾಗಾದರೆ ಸುಮ್ಮನೆ ಕೂರಬೇಕಾ ಅಂತ ಕೇಳುತ್ತೀಯ. ಬೇಡ. ನಿನ್ನ ಜಾಗದ ಹಿಂಬದಿಯ ಲಂಟಾನ, ಯುಪಟೋರಿಯಂ ಕಳೆಗಳನ್ನು ಬುಡಸಮೇತ ಕೀಳಿಸು. ಬಿತ್ತುವ ದುಡ್ಡು ಅದಕ್ಕೆ ಹಾಕು. ಬೆಳಕು ಬಿದ್ದ ಕಡೆ ಹುಲ್ಲು ತಾನೇ ಬರುತ್ತದೆ. ನನ್ನ ಬ್ಯಾಣದಲ್ಲಿ ಎರಡನೇ ಮಳೆಗಾಲಕ್ಕೇ ಬಂತು. ಆ ಕರಡದ ಹುಲ್ಲು ಬಲಿತ ಮೇಲೆ ಒಮ್ಮೆಲೇ ಎಲ್ಲ ಕೊಯ್ಯಿಸಬೇಡ, ಪಟ್ಟೆಪಟ್ಟೆಯಾಗಿ ಕೊಯ್ಯಿಸು. ಕೊಯ್ದ ಪಟ್ಟೆಯಲ್ಲಿ ಎಳೆ ಚಿಗುರು, ಬಿಟ್ಟ ಪಟ್ಟೆಯಲ್ಲಿ ಅಡಗಲು ಜಾಗ. ಹತ್ತು ನೆಲ್ಲಿ ಗಿಡ ನೆಡು. ಜಿಂಕೆ ನೆಲ್ಲಿಕಾಯನ್ನು ಇಡಿಯಾಗಿ ನುಂಗಿ, ಆಮೇಲೆ ನೆರಳಲ್ಲಿ ಕೂತು ಮೆಲುಕು ಹಾಕುವಾಗ ಬೀಜ ಉಗಿಯುತ್ತದೆ. ಮುಂದಿನ ಗಿಡ ಅದೇ ನೆಡುತ್ತದೆ, ಕೂಲಿ ಕೇಳದೆ. ಒಂದು ಹೊಂಡ ತೋಡಿಸು, ಒಂದು ಬದಿ ಇಳಿಜಾರಿರಲಿ, ಮರಿ ಬಿದ್ದರೆ ಹತ್ತಿ ಬರಬೇಕು. ಎಲ್ಲವೂ ಮನೆಯಿಂದ ದೂರ, ಗದ್ದೆಯ ಕಡೆಗಲ್ಲ, ಕಾಡಿನ ಕಡೆಗೆ. ನಾಯಿ ಕಟ್ಟಿ ಹಾಕು.

ಮತ್ತೆ ನಿನ್ನ ಜಾಗದ ಮೂಲೆಯಲ್ಲಿರುವ ಬೂರುಗದ ಮರ, ಮುಳ್ಳು ಅಂತ ಕಡಿಸುತ್ತೇನೆ ಅಂದಿದ್ದೆಯಲ್ಲ, ದಮ್ಮಯ್ಯ, ಅದನ್ನು ಮುಟ್ಟಬೇಡ. ಹೋದ ಫೆಬ್ರವರಿಯಲ್ಲಿ ನಮ್ಮ ಬೂರುಗದಡಿ ಒಂದು ಕಾಡುಕುರಿ ಕಂಡೆ. ಎಲೆಯಿಲ್ಲದ ಮರ, ತುಂಬ ಕೆಂಪು ಹೂವು. ಮೇಲೆ ಪಿಕಳಾರಗಳ ಗಲಾಟೆ. ಒಣಗಿದೆಲೆಯ ದರಗಿನ ಮೇಲೆ ಪಟ್ ಅಂತ ಒಂದು ಹೂ ಬಿತ್ತು. ಕಾಡುಕುರಿ ಬೆಚ್ಚಿ ಒಂದು ಕಾಲೆತ್ತಿ ನಿಂತಿತು, ನಿಂತೇ ಇತ್ತು. ಆಮೇಲೆ ತಲೆ ತಗ್ಗಿಸಿ ಆ ದಪ್ಪ ಹೂವನ್ನು ಬಾಯಿಗೆ ಹಾಕಿಕೊಂಡು, ಹೋಳಿಗೆ ತಿನ್ನುವ ಮುದುಕರ ಹಾಗೆ ನಿಧಾನಕ್ಕೆ ಅಗಿಯಿತು. ಇನ್ನೊಂದು ಬೀಳುವ ತನಕ ಅಲ್ಲೇ ಕಾದು ನಿಂತಿತು. ನಾನು ಕೆಮ್ಮು ತಡೆದು ತಡೆದು ಕಣ್ಣಲ್ಲಿ ನೀರು ಬಂತು.

ಈ ಸಲ ಹೂ ಬೀಳುವ ಹೊತ್ತಿಗೆ ಬಾ. ಬೆಳಿಗ್ಗೆ ಆರಕ್ಕೇ ಹೊರಡಬೇಕು, ಮೊದಲೇ ಹೇಳಿದ್ದೇನೆ. ಉಣುಗು ಹತ್ತದ ಹಾಗೆ ಕಾಲಿಗೆ ಹಚ್ಚುವ ಎಣ್ಣೆ ನಾನು ತಂದಿಡುತ್ತೇನೆ. ಬರುವಾಗ ಆ ಐದು ಕೇಜಿ ಹುರುಳಿ ತಗೊಂಡು ಬಾ, ಇವಳು ಕಟ್ಟಿನ ಸಾರು ಮಾಡುತ್ತಾಳಂತೆ.

ನಿನ್ನ,
ಬ್ಯಾಣದ ಮೇಲಿನ ಗೆಳೆಯ