ನಾಲ್ಕು ಜನರ ಅಳತೆ

ಸಂಪಾದಕರೇ,

ನಿಮ್ಮ ಅಡುಗೆ ಅಂಕಣದ ಅಳತೆ ಯಾವಾಗಲೂ ನಾಲ್ಕು ಜನರಿಗೇ. ನಾನು ನಿವೃತ್ತ, ಮನೆಯಲ್ಲಿ ಒಬ್ಬನೇ. ಈ ಶರತ್ಕಾಲದಲ್ಲಿ ಮಾತ್ರ ಲೆಕ್ಕ ಸರಿಹೋಯಿತು. ಮೊದಲು ಮಗಳು, ಅಳಿಯ, ಮೊಮ್ಮಗ ಬಂದರು. ಆಮೇಲೆ ಹಳೇ ಸಹೋದ್ಯೋಗಿಗಳು. ಈರುಳ್ಳಿಯನ್ನು '5 ನಿಮಿಷ ಹುರಿದು ಕಂದು ಮಾಡಿ' ಎಂದು ಬರೆದಿದ್ದಿರಿ. ಸಣ್ಣ ಉರಿಯಲ್ಲಿ 40 ನಿಮಿಷ ಬೇಕು ಸ್ವಾಮಿ! ಅಷ್ಟರಲ್ಲಿ ನಮ್ಮ ಆಫೀಸಿನ ಹಳೇ ಜಗಳವೊಂದು ಮತ್ತೆ ಶುರುವಾಗಿ, ರಾಜಿಯೂ ಆಯಿತು.

ಮೊಮ್ಮಗ ಒಂದು ತುತ್ತು ತಿಂದು, "ತಾತಾ, ಉಪ್ಪು ಜಾಸ್ತಿ" ಎಂದ. ವಯಸ್ಸಾದಂತೆ ಮೂಗು ಮಂಕಾಗುತ್ತದೆ, ಆಗ ಎಲ್ಲವೂ ಸಪ್ಪೆ ಅನಿಸುತ್ತದೆ. ಕೈ ಸುಮ್ನೆ ಉಪ್ಪಿನ ಡಬ್ಬಿಗೆ ಹೋಗುತ್ತದೆ, ಅಲ್ವಾ?

ಈಗ ಎಲ್ಲರೂ ಹೊರಟಾಯಿತು. ಸಂಜೆ ಬೇಗ ಕತ್ತಲಾಗುತ್ತಿದೆ. ಪಕ್ಕದಲ್ಲಿ ಒಬ್ಬರಿಗಾಗುವ ಅಳತೆಯನ್ನೂ ಕೊಡುತ್ತೀರಾ?

– ಒಬ್ಬ ಓದುಗ