ಬಾಗಿಲಲ್ಲಿ ನಿಂತವರಿಗೆ ಮೊದಲ ವಂದನೆ

ಎಚ್‌ಐವಿ ಸೋಂಕಿತರಿಗೆ ಚಿಕಿತ್ಸೆ ನೀಡುವ ನಮ್ಮ ಜಿಲ್ಲೆಯ ಎಆರ್‌ಟಿ ಕೇಂದ್ರದಲ್ಲಿ ಮತ್ತು ಅದಕ್ಕೆ ಹೊಂದಿಕೊಂಡ ತಾಲ್ಲೂಕು ಆಸ್ಪತ್ರೆಗಳ ಲಿಂಕ್ ಎಆರ್‌ಟಿ ಕೇಂದ್ರಗಳಲ್ಲಿ ದುಡಿಯುವ ಸಿಬ್ಬಂದಿಗೆ ಕ್ಷಯ ಹರಡದಂತೆ ತಡೆಯುವ ತರಬೇತಿ ಈ ತಿಂಗಳು ಪೂರ್ಣಗೊಂಡಿತು. ಅದರ ಹೊಣೆ ಹೊತ್ತಿದ್ದ ಶುಶ್ರೂಷಾಧಿಕಾರಿಯಾಗಿ ನೆರವಾದವರನ್ನು ನೆನೆಯುವುದು ನನ್ನ ಕರ್ತವ್ಯ. ಸಮಾರೋಪದ ವಂದನಾರ್ಪಣೆಯಲ್ಲಿ ವೇದಿಕೆಯ ಮೇಲಿದ್ದವರ ಹೆಸರುಗಳು ಮುಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಅಲ್ಲಿ ಹೇಳಲು ಉಳಿದದ್ದನ್ನು, ಕ್ರಮವನ್ನು ತುಸು ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಈ ತರಬೇತಿ ಏಕೆ ಬೇಕಿತ್ತೆಂದು ಹಲವರು ಕೇಳಿದ್ದರು. ಕ್ಷಯದ ಸೋಂಕು ದೇಹದಲ್ಲಿ ಸುಪ್ತವಾಗಿರುವ ಸಾಮಾನ್ಯ ವ್ಯಕ್ತಿಗೆ ಅದು ಕಾಯಿಲೆಯಾಗಿ ಬೆಳೆಯುವ ಸಾಧ್ಯತೆ ಇಡೀ ಜೀವಮಾನದಲ್ಲಿ ಶೇ. 5ರಿಂದ 10ರಷ್ಟು, ಚಿಕಿತ್ಸೆ ಪಡೆಯದ ಎಚ್‌ಐವಿ ಸೋಂಕಿತರಿಗಾದರೆ ಹೆಚ್ಚುಕಡಿಮೆ ಅಷ್ಟೇ ಅಪಾಯ ಒಂದೊಂದು ವರ್ಷಕ್ಕೂ ಇರುತ್ತದೆ. ಎಚ್‌ಐವಿ ಸೋಂಕಿತರನ್ನು ಗುಳಿಗೆ ಪಡೆಯಲು ಒಂದೇ ಮೊಗಸಾಲೆಯಲ್ಲಿ ಗಂಟೆಗಟ್ಟಲೆ ಕೂರಿಸುವವರು ನಾವೇ. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದ ಟುಗೆಲಾ ಫೆರಿ ಎಂಬ ಊರಿನ ಆಸ್ಪತ್ರೆಯಲ್ಲಿ ಅತಿ ಔಷಧ-ನಿರೋಧಕ ಕ್ಷಯ (ಮುಖ್ಯ ಔಷಧಿಗಳಿಗೆ ಬಗ್ಗದ ಕ್ಷಯ) ಕಂಡುಬಂದ 53 ಜನರಲ್ಲಿ 52 ಮಂದಿ ಸತ್ತರೆಂದೂ, ಅವರಲ್ಲಿ ಅರ್ಧದಷ್ಟು ಜನ ಕಫದ ಮಾದರಿ ಕೊಟ್ಟ ಸುಮಾರು 16 ದಿನಗಳೊಳಗೇ ತೀರಿಕೊಂಡರೆಂದೂ 2006ರಲ್ಲಿ ಜಗತ್ತಿಗೆ ತಿಳಿಯಿತು. ಎಚ್‌ಐವಿ ಪರೀಕ್ಷೆಗೊಳಗಾದವರೆಲ್ಲರಲ್ಲೂ ಸೋಂಕು ಇತ್ತು. ಸತ್ತವರಲ್ಲಿ ಆರೋಗ್ಯ ಕಾರ್ಯಕರ್ತರೂ ಇದ್ದರು. ಈ ಪ್ರಕರಣವನ್ನು ಮೊದಲ ದಿನವೇ ವಿವರಿಸಿದ್ದರಿಂದ ಮುಂದಿನ ಪಾಠಗಳಿಗೆ ಪೀಠಿಕೆಯ ಅಗತ್ಯ ಬೀಳಲಿಲ್ಲ.

ಸೋಂಕು ನಿಯಂತ್ರಣವೆಂದರೆ ಮಾಸ್ಕ್ ಎಂದೇ ನಮ್ಮಲ್ಲಿ ಬಹುಪಾಲು ಜನ ತಿಳಿದಿದ್ದರು. ಆದರೆ ಕೇಂದ್ರ ಆರೋಗ್ಯ ಸಚಿವಾಲಯದ 2010ರ ಮಾರ್ಗಸೂಚಿಯಲ್ಲಾಗಲಿ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಲ್ಲಾಗಲಿ ಮೊದಲ ಸ್ಥಾನ ಕೆಮ್ಮುವವರನ್ನು ಬೇಗ ಗುರುತಿಸಿ ಬೇರೆ ಕೂರಿಸುವಂಥ ಆಡಳಿತಾತ್ಮಕ ಕ್ರಮಗಳಿಗೆ, ಎರಡನೆಯದು ಗಾಳಿ-ಬೆಳಕಿಗೆ, ಮಾಸ್ಕಿಗೆ ಕೊನೆಯದು. ನನ್ನ ವಂದನೆಯ ಕ್ರಮವೂ ಅದೇ.

ಆದ್ದರಿಂದ ಮೊದಲ ಕೃತಜ್ಞತೆ ನಮ್ಮ ಬಾಗಿಲ ಕಾವಲುಗಾರರಿಗೆ ಮತ್ತು ನೋಂದಣಿ ಮೇಜಿನ ಸಹೋದ್ಯೋಗಿಗಳಿಗೆ. ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಎಂಬ ನಾಲ್ಕು ಲಕ್ಷಣಗಳನ್ನು ಬಂದವರೆಲ್ಲರಲ್ಲೂ, ಪ್ರತಿ ಭೇಟಿಯಲ್ಲೂ ಅವರು ವಿಚಾರಿಸುತ್ತಾರೆ. ಕೆಮ್ಮುವವರಿಗೆ ಮಾಸ್ಕ್ ಕೊಟ್ಟು, ಹೊರಗಿನ ತೆರೆದ ಜಗಲಿಯಲ್ಲಿ ಕೂರಿಸಿ, ಸರದಿ ಮೀರಿ ವೈದ್ಯರ ಬಳಿಗೆ ಕಳಿಸುತ್ತಾರೆ. ಕ್ಷಯವೆಂದು ತಿಳಿಯದೆ, ಔಷಧಿಯಿಲ್ಲದೆ ಕೆಮ್ಮುತ್ತಾ ಕೂತವರಿಂದಲೇ ಅಪಾಯ ಹೆಚ್ಚು ಎನ್ನುವುದನ್ನು ಬಲ್ಲವರಿಗೆ ಈ ಕೆಲಸದ ಬೆಲೆ ಗೊತ್ತು. ಸರದಿ ತಪ್ಪಿಸಿದಿರೆಂದು ಬೈಸಿಕೊಂಡವರೂ ಇವರೇ.

ಈ ಏರ್ಪಾಡು ಅವಮಾನದ ಗುರುತಾಗದಂತೆ ನೋಡಿಕೊಂಡವರು ಎಚ್‌ಐವಿ ಸೋಂಕಿತರ ಪ್ರತಿನಿಧಿಗಳು. ಕೆಮ್ಮುವವರ ಚೀಟಿಗೆ ಕೆಂಪು ಗುರುತು ಹಾಕೋಣವೆಂಬ ಸಲಹೆ ತರಬೇತಿಯಲ್ಲೇ ಬಂದಾಗ, ಒಂದು ಕಾಯಿಲೆಯನ್ನು ಮುಚ್ಚಿಟ್ಟುಕೊಂಡು ಬದುಕುತ್ತಿರುವವರ ಕೈಗೆ ಇನ್ನೊಂದರ ಹಣೆಪಟ್ಟಿ ಕೊಡಬೇಡಿ ಎಂದು ಅವರು ಎದ್ದು ನಿಂತು ಹೇಳಿದರು. ಆ ಸಲಹೆ ಅಲ್ಲಿಗೇ ಬಿದ್ದುಹೋಯಿತು. ಆರೋಗ್ಯ ಸ್ಥಿರವಾಗಿರುವವರಿಗೆ ಮೂರು ತಿಂಗಳ ಗುಳಿಗೆಯನ್ನು ಒಟ್ಟಿಗೆ ಕೊಟ್ಟರೆ ದಟ್ಟಣೆಯೇ ತಗ್ಗುತ್ತದೆಂದು ಒತ್ತಾಯಿಸಿದವರೂ ಅವರು.

ಗಾಳಿಯ ಪಾಠದಲ್ಲಿ ನಮಗೆ ಹೆಚ್ಚು ಕಾಡಿದ್ದು ಆಪ್ತ ಸಮಾಲೋಚನೆಯ ಕೊಠಡಿ. ಗೋಪ್ಯತೆಗಾಗಿ ಬಾಗಿಲು ಮುಚ್ಚಲೇಬೇಕು, ಕಿಟಕಿಗೆ ಪರದೆ ಬೇಕೇ ಬೇಕು. ಹಾಗಾಗಿ ರೋಗಿಯೊಂದಿಗೆ ಹೆಚ್ಚು ಹೊತ್ತು ಕಳೆಯುವ ಸಮಾಲೋಚಕರೇ ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಕೆಟ್ಟ ಗಾಳಿ ಉಸಿರಾಡುತ್ತಿದ್ದರು. ತರಬೇತುದಾರರು ಊದುಬತ್ತಿ ಹಚ್ಚಿ ಹಿಡಿದಾಗ ಹೊಗೆ ರೋಗಿಯ ಕುರ್ಚಿಯಿಂದ ನೇರವಾಗಿ ಸಮಾಲೋಚಕರ ಮುಖಕ್ಕೆ ಹೋದದ್ದನ್ನು ನಾವೆಲ್ಲರೂ ನೋಡಿದೆವು. ಲೋಕೋಪಯೋಗಿ ಇಲಾಖೆಯ ಎಂಜಿನಿಯರರು ಹಲಗೆ ಬಡಿದು ಮುಚ್ಚಿದ್ದ ಹಳೆಯ ಗವಾಕ್ಷಿಗಳನ್ನು ಬಿಚ್ಚಿಸಿದರು, ಕಿಟಕಿಯ ಕೆಳಗಿನ ಅರ್ಧಕ್ಕಷ್ಟೇ ಪರದೆ ಉಳಿಸಿದರು. ಗುಂಪು ‘ಡಿ’ ನೌಕರರು ಕುರ್ಚಿಗಳ ಜಾಗ ಬದಲಿಸಿ, ಗಾಳಿ ಸಮಾಲೋಚಕರ ಬೆನ್ನ ಕಡೆಯಿಂದ ಬಂದು ರೋಗಿಯನ್ನು ದಾಟಿ ಹೊರಹೋಗುವಂತೆ ಮಾಡಿದರು. ಪೆರುವಿನ ಲಿಮಾ ನಗರದ ಆಸ್ಪತ್ರೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎತ್ತರದ ಚಾವಣಿ ಮತ್ತು ದೊಡ್ಡ ಕಿಟಕಿಗಳ ಹಳೆಯ ಕಟ್ಟಡಗಳ ಕೋಣೆಗಳಲ್ಲಿ ಗಂಟೆಗೆ 40 ಬಾರಿ ಗಾಳಿ ಬದಲಾಗುತ್ತಿತ್ತು, ಹೊಸ ಕಟ್ಟಡಗಳಲ್ಲಿ 17 ಬಾರಿ. ಯಂತ್ರಗಳಿಂದ ಗಾಳಿಯಾಡಿಸುವ ಕೋಣೆಗಳಿಗೆ ನಿಗದಿಯಾದದ್ದು 12 ಬಾರಿ. ನಮ್ಮ ಹಳೆಯ ಕಟ್ಟಡವನ್ನು ಬೈಯುತ್ತಿದ್ದವರು ಇದನ್ನು ಕೇಳಿ ಸ್ವಲ್ಪ ಸುಮ್ಮನಾದರೆಂಬುದು ನನ್ನ ಖಾಸಗಿ ಸಂತೋಷ.

ಎನ್-95 ಮಾಸ್ಕುಗಳನ್ನು ಸಮಯಕ್ಕೆ ಒದಗಿಸಿದ ಉಗ್ರಾಣದವರಿಗೂ, ಕಫದ ಮಾದರಿಯನ್ನು ಒಳಗಲ್ಲ, ಬಯಲಿನಲ್ಲೇ ಸಂಗ್ರಹಿಸಬೇಕೆಂದು ಪಟ್ಟುಹಿಡಿದ ಪ್ರಯೋಗಶಾಲಾ ತಂತ್ರಜ್ಞರಿಗೂ, ಕ್ಷಯವಿಲ್ಲವೆಂದು ಖಾತ್ರಿಯಾದವರಿಗೆ ಮುಂದೆ ಅದು ಬಾರದಂತೆ ಕಾಯುವ ಐಸೋನಿಯಜಿಡ್ ತಡೆ ಚಿಕಿತ್ಸೆಯನ್ನು ಬಿಡದೆ ಬರೆಯುತ್ತಿರುವ ವೈದ್ಯರಿಗೂ ವಂದನೆಗಳು.

ತಮಗೆ ಕ್ಷಯ ಬಂದು ವಾಸಿಯಾದ ಸಂಗತಿಯನ್ನು ಸಹೋದ್ಯೋಗಿಗಳೆದುರು ಹೇಳಿಕೊಳ್ಳಲು ಒಪ್ಪಿದ ನಮ್ಮ ಹಿರಿಯ ಶುಶ್ರೂಷಕಿಯೊಬ್ಬರಿಗೆ ನಾನು ವಿಶೇಷವಾಗಿ ಋಣಿ. ಅವರ ಮಾತಿನ ನಂತರ ಹಲವು ಸಿಬ್ಬಂದಿ ತಾವಾಗಿಯೇ ತಪಾಸಣೆಗೆ ಬಂದರು. ಸಿಬ್ಬಂದಿಯಲ್ಲೂ ಎಚ್‌ಐವಿ ಇರುವವರಿರಬಹುದು, ಅವರು ಕೇಳಿಕೊಂಡರೆ ಅಪಾಯ ಕಡಿಮೆಯಿರುವ ಜಾಗಕ್ಕೆ ಕಾರಣ ಬಹಿರಂಗವಾಗದಂತೆ ನಿಯೋಜಿಸಬೇಕು ಎಂಬ ವಿಷಯವನ್ನು ಅಲ್ಲಿಯವರೆಗೆ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಈಗ ಅದು ನಮ್ಮ ಆಸ್ಪತ್ರೆಯ ಲಿಖಿತ ಯೋಜನೆಯಲ್ಲಿದೆ.

ತಾಲ್ಲೂಕು ಕೇಂದ್ರಗಳವರು ಮಳೆಗಾಲದಲ್ಲಿ ಕಿಟಕಿ ತೆರೆದಿಡುವುದು ಹೇಗೆಂದು ಕೇಳಿದ್ದರು. ಕಿಟಕಿಗಳ ಮೇಲೆ ಇಳಿಜಾರು ತಗಡು ಹೊದಿಸಲು ಮಂಜೂರಾತಿ ದೊರೆತಿದೆ; ಅದಕ್ಕಾಗಿ ಕಡತದ ಬೆನ್ನುಹತ್ತಿದ ಕಚೇರಿ ಸಿಬ್ಬಂದಿಗೂ ನನ್ನ ನಮಸ್ಕಾರಗಳು.